ಕೋರ್ಟು, ಕಚೇರಿ ಮತ್ತು ನಮ್ಮ ಮಕ್ಕಳು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮಾಧ್ಯಮಿಕ ತರಗತಿಗಳ ಮಕ್ಕಳಿಗೆ ರಾಜ್ಯಸರ್ಕಾರ ಹಾಗೂ ನ್ಯಾಯಾಲಯಗಳ ವಿಷಯವನ್ನು ಬೋಧಿಸುವ ಬಗೆ ಹೇಗೆಂಬುದರ ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ಪೌರನೀತಿಯೆಂದರೆ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಮರುದಿನ ಮರೆತುಬಿಡುವ ವಿಷಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಾವೇರಿಯ ನೀರುಂಡು ಬೆಳೆಯುವ ಮಂಡ್ಯ, ಮದ್ದೂರು, ಮಳವಳ್ಳಿಗಳ ಮಕ್ಕಳಿಗೆ ಅದು ಹಾಗಾಗಬೇಕಾಗಿಲ್ಲ.

ನಮ್ಮ ಹಳ್ಳಿಗಳಲ್ಲಿ ‘ಕೋರ್ಟು ಕಚೇರಿ’ ಎಂದು ಒಂದೇ ಉಸಿರಿನಲ್ಲಿ ಹೇಳುವುದುಂಟು. ಇವೆರಡನ್ನು ಬೇರ್ಪಡಿಸಿ ತೋರಿಸುವುದೇ ಮೊದಲ ಪಾಠ. ತಾಲ್ಲೂಕು ಕಚೇರಿಯ ತಹಸೀಲ್ದಾರರು ಸರ್ಕಾರದ ಆಜ್ಞೆಯನ್ನು ನಡೆಸಿಕೊಡುವವರು. ನ್ಯಾಯಾಧೀಶರಿಗಾದರೋ, ತೀರ್ಪು ಹೀಗೆಯೇ ಇರಲೆಂದು ಯಾವ ಮಂತ್ರಿಯೂ ಆಜ್ಞಾಪಿಸುವಂತಿಲ್ಲ. 224 ಸ್ಥಾನಗಳ ವಿಧಾನಸಭೆಗೆ ನಮ್ಮ ಜಿಲ್ಲೆ 7 ಮಂದಿಯನ್ನು ಆರಿಸಿ ಕಳುಹಿಸುತ್ತದೆ. ಅಲ್ಲಿ ಬಹುಮತವಿದ್ದವರು ಸರ್ಕಾರ ನಡೆಸುತ್ತಾರೆ. ಸಭೆಯಲ್ಲಿ ತಲೆಗಳನ್ನು ಎಣಿಸುತ್ತಾರೆ. ನ್ಯಾಯಾಲಯದಲ್ಲಿ ವಾದಗಳನ್ನು ತೂಗುತ್ತಾರೆ. ಬೆಂಗಳೂರಿನಲ್ಲಿ ವಿಧಾನಸೌಧವೂ ಉಚ್ಚ ನ್ಯಾಯಾಲಯವೂ ಎದುರುಬದುರಾಗಿ ನಿಂತಿವೆ. ಪ್ರವಾಸ ಹೋದಾಗ ಆ ಎರಡು ಕಟ್ಟಡಗಳ ನಡುವಣ ರಸ್ತೆಯನ್ನೂ ಮಕ್ಕಳಿಗೆ ತೋರಿಸಿರಿ.

ಈ ಅಂತರವನ್ನು ಕಲಿಯುವುದು ಸುಲಭ. ತೀರ್ಪು ನಮಗೆ ಪ್ರತಿಕೂಲವಾದಾಗ ಅದನ್ನು ಒಪ್ಪುವುದು ಕಷ್ಟ. 1991ರಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ನೀರು ಬಿಡಬೇಕೆಂದು ಮಧ್ಯಂತರ ಆದೇಶವಿತ್ತಾಗ, ಅದರಿಂದ ನಮ್ಮ ರೈತರನ್ನು ಪಾರುಮಾಡಲು ರಾಜ್ಯಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುವ ಅಧಿಕಾರ ಯಾವ ರಾಜ್ಯಕ್ಕೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಅದೇ ವರ್ಷ ಸ್ಪಷ್ಟಪಡಿಸಿತು. 2002ರಲ್ಲಿ ಮತ್ತೆ ಅದೇ ಸಂಕಟ. ಆಗಿನ ಮುಖ್ಯಮಂತ್ರಿ, ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರೇ ಆದ ದಿವಂಗತ ಎಸ್. ಎಂ. ಕೃಷ್ಣ ಅವರು ರೈತರನ್ನು ಸಮಾಧಾನಪಡಿಸಲು ಮಂಡ್ಯದ ಕಡೆಗೆ ಪಾದಯಾತ್ರೆ ಕೈಗೊಂಡರು. ನ್ಯಾಯಾಂಗ ನಿಂದನೆಯ ಪ್ರಶ್ನೆ ಎದ್ದಾಗ ಸರ್ವೋಚ್ಚ ನ್ಯಾಯಾಲಯದ ಕ್ಷಮೆಯನ್ನೂ ಕೋರಿದರು. ಮುಖ್ಯಮಂತ್ರಿಯೂ ನ್ಯಾಯಪೀಠಕ್ಕೆ ಉತ್ತರ ಹೇಳಬೇಕೆಂಬುದಕ್ಕೆ ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೆ?

2016ರ ಸೆಪ್ಟೆಂಬರಿನಲ್ಲಿ ಇದೇ ವಿವಾದಕ್ಕಾಗಿ ಬೆಂಗಳೂರಿನಲ್ಲಿ ಬಸ್ಸುಗಳು ಹೊತ್ತಿ ಉರಿದವು. ಆ ಬೆಂಕಿಯಿಂದ ಒಂದು ಬೊಗಸೆ ನೀರೂ ಹೆಚ್ಚಲಿಲ್ಲ. ನ್ಯಾಯಮಂಡಳಿ 2007ರಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸಿದ್ದ 270 ಟಿಎಂಸಿ ಪಾಲು, 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ 284.75 ಟಿಎಂಸಿಗೆ ಏರಿತು. ಬೆಂಗಳೂರಿನ ಕುಡಿಯುವ ನೀರಿನ ಅಗತ್ಯ, ತಮಿಳುನಾಡಿನಲ್ಲಿ ದೊರೆಯುವ ಅಂತರ್ಜಲ ಇವೆರಡನ್ನೂ ಪೀಠವು ಗಣನೆಗೆ ತಂದುಕೊಂಡಿತ್ತು.

ಇದನ್ನು ತರಗತಿಯಲ್ಲಿ ಕಲಿಸುವುದೆಂತು? ಮಕ್ಕಳಿಂದ ಒಂದು ನ್ಯಾಯಾಲಯವನ್ನೇ ನಡೆಸಿರಿ. ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದ ರೈತನೊಬ್ಬ, ಮಳವಳ್ಳಿಯ ಕಡೆ ನಾಲೆಯ ಕೊನೆಭಾಗದ ರೈತನೊಬ್ಬ. ಮೇಲಿನವರು ನೀರು ಹಿಡಿದಿಟ್ಟುಕೊಂಡರೆಂಬುದು ದೂರು. ಒಬ್ಬರು ಮಾತನಾಡುವಾಗ ಮತ್ತೊಬ್ಬರು ಬಾಯಿ ಹಾಕಬಾರದು. ತೀರ್ಪು ಕೊಡುವ ಮಗು ಕಾರಣವನ್ನೂ ಕೊಡಬೇಕು. ಮರುದಿನ ಪಕ್ಷ ಬದಲಿಸಿ ವಾದಿಸಲಿ. ಮೂರನೆಯ ದಿನ ಭೂಪಟವನ್ನು ತೂಗುಹಾಕಿ, ಇಡೀ ಕಾವೇರಿಯೇ ಒಂದು ನಾಲೆಯೆಂದು ಭಾವಿಸುವಂತೆ ಹೇಳಿರಿ. ಈಗ ಮೇಲ್ಭಾಗದವರು ಯಾರು? ಕೊನೆಭಾಗದವರು ಯಾರು? ನಾಲೆಯ ಕೊನೆಯಲ್ಲಿ ಅಪ್ಪನೊಡನೆ ನೀರಿಗೆ ಕಾದ ಮಗುವಿಗೆ ಉತ್ತರ ಹೊಳೆಯದಿರದು. ಇದರಿಂದ ನಮ್ಮ ಹಕ್ಕು ಕುಂದುವುದೆಂದು ಯಾರೂ ಅಂಜಬೇಕಾಗಿಲ್ಲ. ಎದುರು ಪಕ್ಷದ ವಾದವನ್ನು ಬಲ್ಲವನೇ ತನ್ನ ವಾದವನ್ನು ಚೆನ್ನಾಗಿ ಮಂಡಿಸಬಲ್ಲನು.

ತಂದೆತಾಯಿಗಳಲ್ಲಿ ಒಂದು ಬಿನ್ನಹ. ಶಾಲೆ ಕಲಿಸಿದ್ದನ್ನು ಮನೆಯ ಜಗಲಿ ಅಳಿಸಬಾರದು. ನ್ಯಾಯ ದುಡ್ಡಿದ್ದವರ ಸೊತ್ತೆಂದು ಮಗುವಿನೆದುರು ನಿಟ್ಟುಸಿರಿಡುವ ಮುನ್ನ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಸ್ತ್ರೀಯರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೂ ಉಚಿತ ಕಾನೂನು ನೆರವಿಗೆ ಹಕ್ಕಿದೆಯೆಂಬುದನ್ನು ತಿಳಿಸಿರಿ. ವಿಳಂಬವೇ ಇಲ್ಲವೆಂದು ನಾನು ಹೇಳಲಾರೆ. 1990ರಲ್ಲಿ ನೇಮಕವಾದ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪಿಗೆ 17 ವರ್ಷ ಹಿಡಿಯಿತು. ಆದುದರಿಂದಲೇ ತಾಳ್ಮೆಯೂ ಪಾಠದ ಒಂದು ಭಾಗ.

ಇಂದು ಏಳನೆಯ ತರಗತಿಯಲ್ಲಿರುವ ಮಗು ಇನ್ನು ಆರು ವರ್ಷಗಳಲ್ಲಿ ಮತದಾರನಾಗುತ್ತದೆ. ಅಷ್ಟರೊಳಗೆ ಅದು ಸೋತ ಪಕ್ಷದ ಮಾತನ್ನೂ ಕಿವಿಗೊಟ್ಟು ಕೇಳಲು ಕಲಿತಿದ್ದರೆ ನಮ್ಮ ಬೋಧನೆ ಸಾರ್ಥಕ.