ದಮ್ಮಿಗೆ ಸ್ಟೀರಾಯ್ಡ್: ಎಲ್ಲಿ ಬೇಕು, ಎಲ್ಲಿ ಬೇಡ

ಆಸ್ತಮಾ ಇರುವವರ ಮನೆಯಲ್ಲಿ ಸಾಮಾನ್ಯವಾಗಿ ಎರಡು ಪಂಪುಗಳಿರುತ್ತವೆ. ಒಂದು, ದಮ್ಮು ಕಟ್ಟಿದಾಗ ಎಳೆದುಕೊಳ್ಳುವ ಸಾಲ್ಬುಟಮಾಲ್. ಇನ್ನೊಂದು, ದಿನಾ ಎಳೆದುಕೊಳ್ಳಬೇಕಾದ ಸ್ಟೀರಾಯ್ಡ್. ಮೊದಲನೆಯದು ಕೆಲವೇ ನಿಮಿಷಗಳಲ್ಲಿ ಎದೆ ಹಗುರ ಮಾಡುತ್ತದೆ. ಎರಡನೆಯದರಿಂದ ಆ ಹೊತ್ತಿಗೆ ಏನೂ ಆದಂತೆ ಅನ್ನಿಸುವುದಿಲ್ಲ. ಹಾಗಾಗಿ ಎಷ್ಟೋ ಮಂದಿ ಅದನ್ನು ಮೂಲೆಗಿಡುತ್ತಾರೆ. ‘ಸ್ಟೀರಾಯ್ಡಾ? ಬೇಡಪ್ಪ’ ಎಂಬ ಭಯವೂ ಜೊತೆಗೆ ಸೇರಿಕೊಳ್ಳುತ್ತದೆ. ಜೀವ ಉಳಿಸುವ ಔಷಧಿ ಹೀಗೆ ಧೂಳು ಹಿಡಿಯುವುದು ನಿಜಕ್ಕೂ ಸಂಕಟದ ಸಂಗತಿ.

ದಮ್ಮು ಎದ್ದಾಗ ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ಅಷ್ಟೇ ಅಲ್ಲ, ಒಳಗೋಡೆ ಊದಿಕೊಂಡು ಅಂಟಂಟು ಕಫ ಕಟ್ಟುತ್ತದೆ. ಸಾಲ್ಬುಟಮಾಲ್ ಸಡಿಲಿಸುವುದು ಸ್ನಾಯುವನ್ನು ಮಾತ್ರ. ಊತ ಹಾಗೇ ಉಳಿದಿರುತ್ತದೆ. ಸ್ಟೀರಾಯ್ಡ್ ಜೀವಕೋಶದ ಒಳಹೊಕ್ಕು, ಊತ ಹುಟ್ಟಿಸುವ ರಾಸಾಯನಿಕಗಳ ತಯಾರಿಯನ್ನೇ ತಗ್ಗಿಸುತ್ತದೆ. ಅದಕ್ಕೆ ಸಮಯ ಹಿಡಿಯುತ್ತದೆ. ಮಾತ್ರೆ ಅಥವಾ ಇಂಜೆಕ್ಷನ್ ಆದರೆ ಕೆಲವು ಗಂಟೆ. ಪಂಪಿನ ಪೂರ್ತಿ ಗುಣ ಕಾಣಲು ವಾರಗಳು. ಜೋರು ದಮ್ಮಿನಲ್ಲಿ ವೈದ್ಯರು ನೆಬ್ಯುಲೈಸರ್ ಹಾಕುತ್ತಲೇ ಸ್ಟೀರಾಯ್ಡನ್ನೂ ಶುರುಮಾಡುವುದು ಇದಕ್ಕೇ. ಇನ್ನು ಸ್ಟೀರಾಯ್ಡಿನ ಭಯದ ಮಾತು: ಪಂಪಿನ ಪ್ರಮಾಣ ತೀರಾ ಕಡಿಮೆ, ಮೈಕ್ರೋಗ್ರಾಮುಗಳಲ್ಲಿ; ಮಾತ್ರೆಯದು ಮಿಲಿಗ್ರಾಮುಗಳಲ್ಲಿ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಬರಬಹುದು.

ಬೀಡಿ, ಸೌದೆ ಒಲೆಯ ಹೊಗೆಯಿಂದ ಶ್ವಾಸಕೋಶ ಕೆಟ್ಟು ಸಿಒಪಿಡಿ ಎಂಬ ಕಾಯಿಲೆ ಬಂದವರಿಗೆ ಉಸಿರಾಟದ ತೊಂದರೆ ಏಕಾಏಕಿ ಉಲ್ಬಣಿಸಿದಾಗ ಸ್ಟೀರಾಯ್ಡ್ ಮಾತ್ರೆ ಬೇಕಾಗುತ್ತದೆ. ಆದರೆ ಎಷ್ಟು ದಿನ? 2013ರಲ್ಲಿ ಪ್ರಕಟವಾದ ಸ್ವಿಟ್ಜರ್‌ಲೆಂಡಿನ ಅಧ್ಯಯನದಲ್ಲಿ, ದಿನಕ್ಕೆ 40 ಮಿಲಿಗ್ರಾಂನಂತೆ 5 ದಿನ ನುಂಗಿದವರು 14 ದಿನ ನುಂಗಿದವರಿಗಿಂತ ಹಿಂದೆ ಬೀಳಲಿಲ್ಲ. ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ತಿಂಗಳುಗಟ್ಟಲೆ ತಂದು ನುಂಗುವವರು ಇದನ್ನು ಗಮನಿಸಬೇಕು. ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತದೆ, ಮನಸ್ಸಿಗೆ ಹುರುಪು ಕೊಡುತ್ತದೆ, ಹುಷಾರಾದೆವು ಅನ್ನಿಸುತ್ತದೆ. ಒಳಗೊಳಗೇ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ತೊಡೆಯ ಸ್ನಾಯು ಸೊರಗಿ, ಮೆಟ್ಟಿಲು ಹತ್ತಿದರೆ ಮತ್ತೆ ಏದುಸಿರು. ಬಹಳ ದಿನ ನುಂಗಿದ್ದರೆ ಥಟ್ಟನೆ ನಿಲ್ಲಿಸುವುದೂ ಅಪಾಯ. ದೇಹ ತನ್ನದೇ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಕ್ಯಾನ್ಸರ್ ರೋಗಿಗಳ ಏದುಸಿರಿಗೂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಡುವ ರೂಢಿಯಿದೆ. 2022ರಲ್ಲಿ ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ವೈದ್ಯರು ಅದನ್ನು ಹುಸಿಮಾತ್ರೆಯೊಂದಿಗೆ ಹೋಲಿಸಿದ ಫಲಿತಾಂಶ ಪ್ರಕಟಿಸಿದರು. ಎರಡೂ ಗುಂಪಿನವರಿಗೆ ತುಸು ಹಗುರವಾಗಿತ್ತು. ಡೆಕ್ಸಾಮೆಥಸೋನ್ ಅದಕ್ಕಿಂತ ಹೆಚ್ಚಿನದೇನೂ ಮಾಡಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಾಗಿತ್ತು. ಗಡ್ಡೆಯ ಸುತ್ತ ಊತ ಬಂದು ಶ್ವಾಸನಾಳ ಒತ್ತಿಹೋಗಿದ್ದರೆ ಮಾತು ಬೇರೆ. ಅಲ್ಲಿ ಸ್ಟೀರಾಯ್ಡಿಗೆ ಕೆಲಸವಿದೆ. ಉಳಿದವರಿಗೆ ಉಪಶಾಮಕ ಆರೈಕೆಯ ವೈದ್ಯರು ಅಗತ್ಯ ನೋಡಿ ಕಡಿಮೆ ಪ್ರಮಾಣದ ಮಾರ್ಫಿನ್ ಕೊಡುತ್ತಾರೆ, ಮುಖಕ್ಕೆ ಗಾಳಿ ತಾಗುವಂತೆ ಪುಟ್ಟ ಫ್ಯಾನ್ ಹಿಡಿಯಲು ಹೇಳುತ್ತಾರೆ. ಕೆನ್ನೆ, ಮೂಗಿನ ನರಗಳಿಗೆ ತಂಪು ತಾಗಿದರೆ ಉಸಿರು ಸಾಲದೆಂಬ ಒದ್ದಾಟ ಎಷ್ಟೋ ಜನರಲ್ಲಿ ತಗ್ಗುತ್ತದೆ. ಫ್ಯಾನ್ ಹಿಡಿಯುವುದನ್ನು ಮನೆಯವರೇ ಮಾಡಬಹುದು.