ಡೈವಿಂಗ್ ತರಬೇತಿ: ಎಲ್ಲಿ ಕಲಿಯಬೇಕು, ಎಲ್ಲಿಯವರೆಗೆ ಕಲಿಸಬೇಕು

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಸ್ಕೂಬಾ ಡೈವಿಂಗ್ ಬೋಧಕರೊಬ್ಬರು ಮಾಡಿದ ಭಾಷಣದ ಪಠ್ಯ)

 

ನರ್ಸಿಂಗ್, ಐಟಿಐ, ಎಂಜಿನಿಯರಿಂಗ್ ಅರ್ಜಿಗಳ ನಡುವೆ ಈಗ ಸ್ಕೂಬಾ ಡೈವಿಂಗ್ ತರಬೇತಿಗೆ ನೆರವು ಕೋರುವ ಅರ್ಜಿಗಳೂ ಬರುತ್ತಿವೆ ಎಂದು ಕಾರ್ಯದರ್ಶಿಗಳು ತಿಳಿಸಿದರು. ಕರಾವಳಿಯ ಮಕ್ಕಳು ಕಡಲನ್ನೇ ಉದ್ಯೋಗವಾಗಿ ಆರಿಸಿಕೊಳ್ಳುವುದು ಸಂತೋಷದ ವಿಷಯ. ಆದರೆ ಯಾವ ಶಾಲೆಗೆ ಕಳುಹಿಸಬೇಕು, ಎಷ್ಟು ಹಣ ಕೊಡಬೇಕು ಎಂಬುದು ಸಮಿತಿಗೂ ಮನೆಯವರಿಗೂ ಗೊಂದಲವಾಗಿದೆ. ನಾನು ಇಂದು ಯಾವುದೇ ಶಾಲೆಯ ಹೆಸರು ಹೇಳುವುದಿಲ್ಲ. ಆರಿಸುವ ಬಗೆ ಹೇಗೆಂದು ಹೇಳುತ್ತೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಡೈವಿಂಗ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಉದ್ಯೋಗಗಳಿವೆ. ಒಂದು, ಪ್ರವಾಸಿಗರಿಗೆ ಕಡಲಿನೊಳಗನ್ನು ತೋರಿಸುವ, ಕಲಿಸುವ ಕೆಲಸ. ಇನ್ನೊಂದು, ಬಂದರು, ಹಡಗು, ಸೇತುವೆ, ತೈಲಬಾವಿಗಳಲ್ಲಿ ನೀರಿನಡಿ ಕತ್ತರಿಸುವ, ಬೆಸೆಯುವ, ಪರೀಕ್ಷಿಸುವ ಕೆಲಸ. ಮೊದಲನೆಯದರಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿಯುತ್ತೇವೆ. ಎರಡನೆಯದರಲ್ಲಿ ಹೆಚ್ಚಾಗಿ ಮೇಲಿನಿಂದ ಕೊಳವೆಯ ಮೂಲಕ ಗಾಳಿ ಬರುತ್ತದೆ, ತಲೆಗೆ ಹೆಲ್ಮೆಟ್ ಇರುತ್ತದೆ. ಪಾಡಿ ಸಂಸ್ಥೆಯ ಬೋಧಕ ಕಾರ್ಡ್ ಹಿಡಿದು ಮುಂಬೈ ಹೈ ತೈಲಕ್ಷೇತ್ರಕ್ಕೆ ಹೋದರೆ ಕೆಲಸ ಸಿಗುವುದಿಲ್ಲ. ಅಲ್ಲಿ ಕೇಳುವುದು ಐಎಂಸಿಎ ಮಾನ್ಯ ಮಾಡಿದ ಪ್ರಮಾಣಪತ್ರ, ಅಂದರೆ ಬ್ರಿಟನ್ನಿನ ಎಚ್‌ಎಸ್‌ಇ ಅಥವಾ ಆಸ್ಟ್ರೇಲಿಯಾದ ಅಡಾಸ್ ಪ್ರಮಾಣಪತ್ರದಂಥದ್ದು. ಆದ್ದರಿಂದ ಅರ್ಜಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, "ಯಾವ ಶಾಲೆ?" ಎಂದಲ್ಲ, "ಕಲಿತ ಮೇಲೆ ಯಾವ ಕೆಲಸ?" ಎಂದು. ಇಂದು ಬಂದಿರುವ ಅರ್ಜಿಗಳೆಲ್ಲ ಮೊದಲನೆಯ ಬಗೆಯವು. ಹಾಗಾಗಿ ಅದರ ಬಗ್ಗೆಯೇ ಹೇಳುತ್ತೇನೆ.

ಈ ದಾರಿಯ ಮೆಟ್ಟಿಲುಗಳು ಹೀಗಿವೆ. ಓಪನ್ ವಾಟರ್ ಕೋರ್ಸಿನಲ್ಲಿ ಕಡಲಿನಲ್ಲಿ ನಾಲ್ಕು ಡೈವ್. 18 ಮೀಟರ್ ಆಳದವರೆಗೆ ಅನುಮತಿ. ಅಡ್ವಾನ್ಸ್ಡ್ ಕೋರ್ಸಿನಲ್ಲಿ ಐದು ಡೈವ್; 30 ಮೀಟರ್‌ವರೆಗೆ. ಆಮೇಲೆ ರೆಸ್ಕ್ಯೂ. ಆಮೇಲೆ ಡೈವ್‌ಮಾಸ್ಟರ್, ಸಂಬಳ ಕೊಡುವ ಕೆಲಸ ಇಲ್ಲಿಂದ ಶುರು. ಪಾಡಿ ನಿಯಮದಂತೆ ಡೈವ್‌ಮಾಸ್ಟರ್ ಆಗಲು 18 ವರ್ಷ ತುಂಬಿರಬೇಕು, ಸೇರುವಾಗ 40 ಡೈವ್, ಮುಗಿಸುವಾಗ 60 ಡೈವ್ ಆಗಿರಬೇಕು. ಬೋಧಕನಾಗುವ ಪರೀಕ್ಷೆಗೆ ಕುಳಿತುಕೊಳ್ಳಲು 100 ಡೈವ್ ಬೇಕು, ಮೊದಲ ಪ್ರಮಾಣಪತ್ರ ಸಿಕ್ಕಿ ಕನಿಷ್ಠ ಆರು ತಿಂಗಳು ಕಳೆದಿರಬೇಕು.

ಪೋಷಕರು ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಮೊದಲ ಎರಡು ಕೋರ್ಸುಗಳಿಂದ ಸಿಗುವುದು ಒಂಬತ್ತು ಡೈವ್. ಬೇಕಾಗಿರುವುದು 100. ನಡುವಿನ ಡೈವ್‌ಗಳಿಗೆ ದೋಣಿ, ಸಿಲಿಂಡರ್, ಉಪಕರಣದ ಬಾಡಿಗೆ, ಊಟ, ವಸತಿ ಎಲ್ಲವೂ ಬೇಕು. ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿರುವುದು ಕೋರ್ಸಿನ ಶುಲ್ಕ ಮಾತ್ರ. ಪರೀಕ್ಷಾ ಶುಲ್ಕ, ಪಠ್ಯಸಾಮಗ್ರಿ, ಸಂಸ್ಥೆಯ ವಾರ್ಷಿಕ ಸದಸ್ಯತ್ವ, ವಿಮೆ ಬಹಳ ಕಡೆ ಬೇರೆ. ಆದ್ದರಿಂದ "ಎಲ್ಲಿ ಕಲಿಯಬೇಕು" ಎಂಬ ಪ್ರಶ್ನೆಯ ಒಳಗಿರುವುದು ಇದು: ನೂರು ಡೈವ್‌ಗಳನ್ನು ಎಲ್ಲಿ, ಎಷ್ಟು ಖರ್ಚಿನಲ್ಲಿ, ಎಂಥ ನೀರಿನಲ್ಲಿ ಮಾಡಬಹುದು?

ಈಗ ಸ್ಥಳಗಳ ವಿಷಯ. ನಮಗೆ ಹತ್ತಿರದ್ದು ನೇತ್ರಾಣಿ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ದ್ವೀಪ. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ನಿಂತುಬಿಡುತ್ತದೆ. ಮೊದಲ ಮೆಟ್ಟಿಲು ಹತ್ತಲು, ಹುಡುಗನಿಗೆ ನಿಜವಾಗಿ ಆಸಕ್ತಿ ಇದೆಯೇ ಎಂದು ತಿಳಿಯಲು ಅದು ಸಾಕು. ಮನೆ ಹತ್ತಿರ, ಖರ್ಚು ಕಡಿಮೆ. ಆದರೆ ಪ್ರವಾಸಿಗರನ್ನು ಕೈಹಿಡಿದು ಇಳಿಸಿ ಫೋಟೊ ತೆಗೆಸುವ ಡೈವ್ ತರಬೇತಿಯಲ್ಲ, ಪ್ರಮಾಣಪತ್ರ ಸಿಗುವ ಕೋರ್ಸನ್ನೇ ಕೇಳಿ ಸೇರಬೇಕು.

ಅಂಡಮಾನಿನ ಸ್ವರಾಜ್ ದ್ವೀಪ, ಅಂದರೆ ಹಿಂದಿನ ಹ್ಯಾವ್‌ಲಾಕ್, ದೇಶದೊಳಗೇ ಇದೆ. ವೀಸಾ ಬೇಡ, ಹಿಂದಿ ನಡೆಯುತ್ತದೆ, ಕಲಿತ ಕಡೆಯಲ್ಲೇ ಕೆಲಸ ಮಾಡಲು ಕಾನೂನಿನ ಅಡ್ಡಿಯಿಲ್ಲ. ಥಾಯ್ಲೆಂಡಿನ ಕೋ ಟಾವ್ ಜಗತ್ತಿನಲ್ಲಿ ಅತಿ ಹೆಚ್ಚು ಜನ ಡೈವಿಂಗ್ ಕಲಿಯುವ ಜಾಗಗಳಲ್ಲೊಂದು. ಶಾಲೆಗಳ ನಡುವಿನ ಪೈಪೋಟಿಯಿಂದ ಶುಲ್ಕ ಕಡಿಮೆ. ಅದೇ ಕಾರಣಕ್ಕೆ ಕೆಲಸ ಹುಡುಕುವ ಹೊಸ ಬೋಧಕರೂ ಅಲ್ಲಿ ತುಂಬಿದ್ದಾರೆ. ಈಜಿಪ್ಟಿನ ದಹಾಬ್‌ನಲ್ಲಿ ದಡದಿಂದಲೇ ನಡೆದು ಕೆಂಪು ಸಮುದ್ರಕ್ಕೆ ಇಳಿಯಬಹುದು. ದೋಣಿಯ ಖರ್ಚು ಉಳಿಯುವುದರಿಂದ ಡೈವ್‌ಗಳ ಸಂಖ್ಯೆ ಹೆಚ್ಚಿಸಿಕೊಳ್ಳಲು ಅದು ಅನುಕೂಲ. ಗಲ್ಫ್‌ನಲ್ಲಿ ಬಂಧುಗಳಿರುವ ಮನೆಗಳು ಇಲ್ಲಿ ಬಹಳ. ಅಂಥವರು ಫುಜೈರಾ ಕಡೆಯ ಶಾಲೆಗಳನ್ನೂ ವಿಚಾರಿಸಬಹುದು. ವಸತಿ ಖರ್ಚು ಉಳಿದರೆ ಅದೇ ದೊಡ್ಡ ವಿದ್ಯಾರ್ಥಿವೇತನ. ಆದರೆ ಒಂದು ಎಚ್ಚರಿಕೆ: ಪ್ರವಾಸಿ ವೀಸಾದಲ್ಲಿ ಹೋದ ಹುಡುಗನನ್ನು "ಉಚಿತ ತರಬೇತಿ" ಎಂದು ಹೇಳಿ ಸಿಲಿಂಡರ್ ಹೊರಿಸುವವರಿದ್ದಾರೆ. ಕೆಲಸಕ್ಕೆ ಕೆಲಸದ ಪರವಾನಗಿ ಬೇಕು. ಸಿಕ್ಕಿಬಿದ್ದರೆ ತೊಂದರೆ ಹುಡುಗನಿಗೇ.

ಸ್ಥಳಕ್ಕಿಂತ ದೊಡ್ಡದು ಕಲಿಸುವವರ ಶಿಸ್ತು. ಯಾಕೆಂದು ಹೇಳುತ್ತೇನೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡು ಪಟ್ಟು. ಅಲ್ಲಿ ತುಂಬಿಕೊಂಡ ಉಸಿರನ್ನು ಹಿಡಿದುಕೊಂಡೇ ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ, ಶ್ವಾಸಕೋಶ ಹರಿಯಬಹುದು. ಹೊಸಬ ಹೆದರಿದಾಗ ಮಾಡುವುದು ಅದನ್ನೇ. ಆ ಕ್ಷಣದಲ್ಲಿ ಬೋಧಕ ಕೈಗೆಟಕುವಷ್ಟು ಹತ್ತಿರ ಇರಬೇಕು. ನಾಳೆ ನಿಮ್ಮ ಮಗನೂ ಇನ್ನೊಬ್ಬರ ಮಗುವನ್ನು ಹೀಗೆಯೇ ಕಾಯಬೇಕು. ಅವನು ಆ ಎಚ್ಚರವನ್ನು ಕಲಿಯುವುದು ತನ್ನ ಬೋಧಕನನ್ನು ನೋಡಿ.

ಹಾಗಾಗಿ ಶುಲ್ಕ ಕಟ್ಟುವ ಮೊದಲು ಈ ಪ್ರಶ್ನೆಗಳನ್ನು ಕೇಳಿ. ಒಬ್ಬ ಬೋಧಕನಿಗೆ ಎಷ್ಟು ವಿದ್ಯಾರ್ಥಿಗಳು? ಓಪನ್ ವಾಟರ್ ಕೋರ್ಸಿಗೆ ಕಡಲಿನಲ್ಲಿ ಎಂಟು ಎಂಬುದು ಪಾಡಿಯ ಮಿತಿ. ಒಳ್ಳೆಯ ಶಾಲೆ ಅದಕ್ಕಿಂತ ಕಡಿಮೆ ಇಟ್ಟುಕೊಳ್ಳುತ್ತದೆ. ದೋಣಿಯಲ್ಲಿ ಆಕ್ಸಿಜನ್ ಇದೆಯೇ? ಡೈವಿಂಗ್ ಕಾಯಿಲೆಗೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ ಹತ್ತಿರದಲ್ಲಿ ಎಲ್ಲಿದೆ, ಅಲ್ಲಿಗೆ ಮುಟ್ಟಲು ಎಷ್ಟು ಹೊತ್ತು? ಬೋಧಕನ ಸದಸ್ಯತ್ವ ಈ ವರ್ಷಕ್ಕೆ ನವೀಕರಣವಾಗಿದೆಯೇ? ಇದನ್ನು ಸಂಸ್ಥೆಯ ಜಾಲತಾಣದಲ್ಲಿಯೇ ನೋಡಬಹುದು. ಹವಾಮಾನ ಕೆಟ್ಟರೆ ಉಳಿದ ಡೈವ್‌ಗಳ ಗತಿ ಏನು? ಕಳೆದ ವರ್ಷ ಕಲಿತ ಇಬ್ಬರ ಫೋನ್ ನಂಬರ್ ಕೊಡುತ್ತೀರಾ?

ಇನ್ನೆರಡು ಸುಲಭದ ಪರೀಕ್ಷೆಗಳಿವೆ. ಸತತ ಡೈವ್ ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಬೆಳಿಗ್ಗೆ ಡೈವ್, ಸಂಜೆ ವಿಮಾನ ಎಂದು ವೇಳಾಪಟ್ಟಿ ಕೊಡುವ ಶಾಲೆಯನ್ನು ಅಲ್ಲಿಗೇ ಬಿಡಿ. ಹಾಗೆಯೇ ಬೋಧಕರ ಪರೀಕ್ಷೆ ನಡೆಸುವುದು ಶಾಲೆಯಲ್ಲ, ಪಾಡಿ ಕಳುಹಿಸುವ ಪರೀಕ್ಷಕರು. "ಪಾಸು ಗ್ಯಾರಂಟಿ" ಎನ್ನುವವರ ಮಾತಿಗೆ ಬೆಲೆಯಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ.

ವಿದ್ಯಾರ್ಥಿಗಳೇ, ಅರ್ಜಿ ಬರೆಯುವ ಮೊದಲು ನೀವು ಮಾಡಬೇಕಾದ ಎರಡು ಕೆಲಸಗಳಿವೆ. ವೈದ್ಯರಲ್ಲಿ ತಪಾಸಣೆ ಮಾಡಿಸಿ. ಆಸ್ತಮಾ, ಮೂರ್ಛೆ, ಕಿವಿಯ ತಮಟೆಯ ತೊಂದರೆ, ಹೃದಯದ ಸಮಸ್ಯೆ ಇದ್ದರೆ ಮುಚ್ಚಿಡಬೇಡಿ. ಶುಲ್ಕ ಕಟ್ಟಿದ ಮೇಲೆ ಗೊತ್ತಾದರೆ ಹಣವೂ ಹೋಯಿತು, ಮುಚ್ಚಿಟ್ಟು ಇಳಿದರೆ ಜೀವವೇ ಹೋದೀತು. ಎರಡನೆಯದು, ಈಜು. ಆರಂಭಕ್ಕೆ 200 ಮೀಟರ್ ನಿಲ್ಲದೆ ಈಜಬೇಕು, ಹತ್ತು ನಿಮಿಷ ತೇಲಬೇಕು. ಡೈವ್‌ಮಾಸ್ಟರ್‌ಗೆ 400 ಮೀಟರ್ ಈಜು. ಇದನ್ನು ಊರಲ್ಲೇ, ಈಜು ಬಲ್ಲ ಹಿರಿಯರ ಮುಂದೆ ಅಭ್ಯಾಸ ಮಾಡಬಹುದು. ಹೆಣ್ಣುಮಕ್ಕಳ ಪೋಷಕರಿಗೆ ಒಂದು ಮಾತು: ಡೈವಿಂಗ್ ಉಡುಪು ಕುತ್ತಿಗೆಯಿಂದ ಕಾಲಿನವರೆಗೆ ಮೈಮುಚ್ಚುವಂಥದ್ದು ಸಿಗುತ್ತದೆ, ತಲೆಗೂ ಹುಡ್ ಇದೆ. ಮಹಿಳಾ ಬೋಧಕರೂ ಇದ್ದಾರೆ, ಕೇಳಿ ಪಡೆಯಿರಿ. ಉಡುಪಿನ ಕಾರಣಕ್ಕೆ ಮಗಳ ಅರ್ಜಿಯನ್ನು ಮನೆಯಲ್ಲೇ ತಡೆಯಬೇಡಿ.

ಕೊನೆಯದಾಗಿ ದಾನಿಗಳಲ್ಲಿ ಒಂದು ವಿನಂತಿ. ನಾಲ್ಕು ಮಕ್ಕಳಿಗೆ ಅರ್ಧರ್ಧ ಹಣ ಹಂಚಿದರೆ ವರದಿಯಲ್ಲಿ ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಆದರೆ ಈ ವೃತ್ತಿಯಲ್ಲಿ ಅರ್ಧ ದಾರಿಗೆ ಅನ್ನವಿಲ್ಲ. ರೆಸ್ಕ್ಯೂ ಕಾರ್ಡಿನವರೆಗೆ ಬಂದು ಹಣವಿಲ್ಲದೆ ನಿಂತವನು ಮತ್ತೆ ಅಂಗಡಿಯ ಕೆಲಸಕ್ಕೇ ಹೋಗಬೇಕು, ಜೊತೆಗೆ ಮನೆಯವರು ಸೇರಿಸಿದ ಸಾಲವೂ ಉಳಿಯುತ್ತದೆ. ಒಬ್ಬನನ್ನು ಆರಿಸಿ, ದಡ ಮುಟ್ಟಿಸಿ. ಹಣವನ್ನು ಹಂತ ಹಂತವಾಗಿ, ರಸೀದಿ ನೋಡಿ, ನೇರ ಶಾಲೆಗೇ ಕಟ್ಟಿ: ಮೊದಲು ತಪಾಸಣೆ ಮತ್ತು ಓಪನ್ ವಾಟರ್, ಬೋಧಕರ ಲಿಖಿತ ಅಭಿಪ್ರಾಯ ಬಂದ ಮೇಲೆ ಮುಂದಿನದು. ವಿಮೆ, ಪರೀಕ್ಷಾ ಶುಲ್ಕ, ಮೊದಲ ವರ್ಷದ ಸದಸ್ಯತ್ವ, ಸ್ವಂತ ಮಾಸ್ಕ್ ಮತ್ತು ಡೈವ್ ಕಂಪ್ಯೂಟರ್‌ಗೆ ಬೇಕಾದ ಹಣವನ್ನು ಮೊದಲೇ ಎತ್ತಿಡಿ.

ಮತ್ತೊಂದು. ಇದು ಋತುವಿನ ಕೆಲಸ. ನಮ್ಮ ಕಡಲಿನಲ್ಲಿ ಮಳೆಗಾಲದ ತಿಂಗಳುಗಳು ಖಾಲಿ. ಆದ್ದರಿಂದ ಡೈವಿಂಗ್ ಜೊತೆಗೆ ದೋಣಿ ಚಾಲನೆ, ಎಂಜಿನ್ ರಿಪೇರಿ, ಕಂಪ್ರೆಸರ್ ನಿರ್ವಹಣೆ ಇವುಗಳಲ್ಲೊಂದು ಕೈಯಲ್ಲಿರಲಿ. ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಜೀವರಕ್ಷಣೆ ಮತ್ತು ಪವರ್ ಬೋಟ್ ಚಾಲನೆಯ ತರಬೇತಿಗಳಿವೆ. ಇಂಥದ್ದಕ್ಕೂ ವಿದ್ಯಾರ್ಥಿವೇತನದಲ್ಲಿ ಸ್ವಲ್ಪ ಜಾಗ ಇರಲಿ. ಉರ್ದು, ಬ್ಯಾರಿ, ನವಾಯತಿ, ಕೊಂಕಣಿ, ಹಿಂದಿ ಎಂದು ನಮ್ಮ ಮಕ್ಕಳ ನಾಲಗೆಯಲ್ಲಿ ಹಲವು ಭಾಷೆಗಳಿವೆ. ಪ್ರವಾಸಿಗರ ಜೊತೆಗಿನ ಕೆಲಸದಲ್ಲಿ ಅದು ಆಸ್ತಿ.

ಈ ಹಣ ದಾನಿಗಳು ನಂಬಿ ಕೊಟ್ಟ ಅಮಾನತ್ತು. ಅದು ಸರಿಯಾದ ಮಗುವಿಗೆ, ಸರಿಯಾದ ಶಾಲೆಗೆ, ಕೊನೆಯ ಮೆಟ್ಟಿಲಿನವರೆಗೆ ತಲುಪಲಿ. ಅರ್ಜಿ ತುಂಬುವಾಗ ನೆರವು ಬೇಕಾದವರು ಸಭೆಯ ನಂತರ ನನ್ನನ್ನು ಕಾಣಬಹುದು.