ಈ ಸೀಟು ಯಾರದು?



ಇವತ್ತು ನಿಮ್ಮೊಡನೆ ಮಾತನಾಡಲು ಆರಿಸಿಕೊಂಡಿರುವ ವಿಷಯ ಯಾವ ಪಠ್ಯಪುಸ್ತಕದಲ್ಲೂ ಇಲ್ಲ, ಪರೀಕ್ಷೆಗಂತೂ ಬರುವುದಿಲ್ಲ. ಆದರೆ ನಿಮ್ಮಲ್ಲಿ ಬಹಳ ಮಂದಿ ದಿನಕ್ಕೆ ಎರಡು ಸಲ ಅದನ್ನು ಎದುರಿಸುತ್ತೀರಿ. ಬಸ್ಸಿನಲ್ಲಿ, ರೈಲಿನಲ್ಲಿ, ಈಗೀಗ ವಿಮಾನದಲ್ಲಿ ಕೂರುವ ಜಾಗದ ವಿಷಯ ಅದು. ಯಾವ ಸೀಟು ಯಾರದು? ಇನ್ನೊಬ್ಬರ ಸೀಟು ಬೇಕಾದರೆ ಹೇಗೆ ಕೇಳಬೇಕು? ನಮ್ಮದನ್ನು ಯಾರಾದರೂ ಕೇಳಿದರೆ ಏನು ಹೇಳಬೇಕು?

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯನ್ನೇ ತೆಗೆದುಕೊಳ್ಳಿ. ಅದೊಂದು ಹೋಬಳಿ ಕೇಂದ್ರ. ಕಾಲೇಜಿಗೆ ಹೊರಟ ಹುಡುಗ ಹುಡುಗಿಯರು, ಆಸ್ಪತ್ರೆಗೆ ಹೊರಟ ಅಜ್ಜಿ, ಕೊಬ್ಬರಿ ಧಾರಣೆ ವಿಚಾರಿಸಲು ಹೊರಟ ರೈತರು, ಎಲ್ಲರಿಗೂ ಬೆಳಗಿನ ಬಸ್ಸೇ ಬೇಕು. ಇಂಥ ಊರುಗಳ ನಿಲ್ದಾಣದಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಒಂದು ಟವೆಲ್ಲು ಒಳಗೆ ಬೀಳುತ್ತದೆ. ಅದರ ಹಿಂದೆ ಒಂದು ಕರ್ಚೀಫು, ಒಂದು ಪುಸ್ತಕದ ಚೀಲ, ಕೆಲವೊಮ್ಮೆ ಒಂದು ಚಿಕ್ಕ ಮಗು! ಬಾಗಿಲಿನಿಂದ ಹತ್ತಿ ಬಂದವರು ನೋಡಿದರೆ ಮನುಷ್ಯರಿಲ್ಲದ ಸೀಟುಗಳೆಲ್ಲ ಆಗಲೇ ಭರ್ತಿಯಾಗಿರುತ್ತವೆ.

ಟವೆಲ್ಲಿಗೆ ಕಾನೂನಿನ ಬಲವೇನೂ ಇಲ್ಲ. ಕಂಡಕ್ಟರು ಟವೆಲ್ಲಿಗೆ ಟಿಕೆಟ್ಟು ಹರಿಯುವುದಿಲ್ಲ. ಆದರೂ ಅದನ್ನು ತೆಗೆದು ಪಕ್ಕಕ್ಕಿಟ್ಟು ಕೂರಲು ನಮಗೆ ಧೈರ್ಯ ಬರುವುದಿಲ್ಲ, ಅಲ್ಲವೆ? ಏಕೆಂದರೆ ಅದು ಊರು ಒಪ್ಪಿಕೊಂಡ ಒಂದು ಬರೆಯದ ಕಟ್ಟಳೆ. ಆ ಕಟ್ಟಳೆಗೂ ಮಿತಿ ಉಂಟು. ಟವೆಲ್ಲು ಹಾಕಿದವನು ಬಸ್ಸಿನ ಆಸುಪಾಸಿನಲ್ಲೇ ಇರಬೇಕು. ಹೋಟೆಲಿನಲ್ಲಿ ಕುಳಿತು ದೋಸೆ ತಿನ್ನುತ್ತಿರಬಾರದು. ಒಂದು ಟವೆಲ್ಲು ಒಬ್ಬ ಮನುಷ್ಯನ ಪ್ರತಿನಿಧಿ, ಇಡೀ ಕುಟುಂಬದ್ದಲ್ಲ. ಮೂರು ಜನ ಕೂರುವ ಸೀಟಿನ ಉದ್ದಕ್ಕೂ ಅದನ್ನು ಹಾಸಿದವನ ಜೊತೆ ಜಗಳವಾದರೆ ನನ್ನ ಮತ ಜಗಳ ತೆಗೆದವರ ಕಡೆಗೇ.

ಈ ಬಸ್ಸಿನ ಸೀಟಿಗೆ ಒಂದು ದೊಡ್ಡ ಗುಣವಿದೆ. ಅದು ಹಿಗ್ಗುತ್ತದೆ. ‘ವಸಿ ಜರುಗಿ’ ಎಂದರೆ ಮೂವರ ಜಾಗದಲ್ಲಿ ನಾಲ್ವರು ಹಿಡಿಸುತ್ತಾರೆ. ನಾಲ್ಕನೆಯವರು ಅರ್ಧ ಮೈ ಹೊರಗಿಟ್ಟುಕೊಂಡಾದರೂ ಊರು ಸೇರುತ್ತಾರೆ. ಇನ್ನೊಂದು ಮಾತು. ದೇವಸ್ಥಾನದಲ್ಲಿ, ಬಾವಿಕಟ್ಟೆಯಲ್ಲಿ, ಹೋಟೆಲಿನ ಬೆಂಚಿನ ಮೇಲೆ ಒಟ್ಟಿಗೆ ಕೂರದ ಜನ ಬಸ್ಸಿನಲ್ಲಿ, ರೈಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂರಬೇಕಾಯಿತು. ಟಿಕೆಟ್ಟು ಕೊಟ್ಟವನು ಜಾತಿ ಕೇಳಲಿಲ್ಲ. ನಿಮ್ಮ ಅಜ್ಜ ಅಜ್ಜಿಯರ ಕಾಲಕ್ಕೆ ಇದು ಸಣ್ಣ ಸಂಗತಿಯಾಗಿರಲಿಲ್ಲ. ಆದ್ದರಿಂದ ‘ಈ ಸೀಟು ಯಾರದು’ ಎಂಬ ಪ್ರಶ್ನೆಯನ್ನು ಬರೀ ಸೌಕರ್ಯದ ಪ್ರಶ್ನೆ ಎಂದು ತಳ್ಳಿಹಾಕಬೇಡಿ.

2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಯಿತು. ದೂರದ ಊರಿಗೆ ಹೋಗುವ ಬಸ್ಸುಗಳಲ್ಲಿ ಅರ್ಧದಷ್ಟು ಸೀಟು ಗಂಡಸರಿಗೆ ಎಂಬ ಆದೇಶವೂ ಜೊತೆಗೇ ಬಂತು. ಸೀಟಿಗಾಗಿ ಜಗಳಗಳೂ ಹೆಚ್ಚಿದವು, ಅವುಗಳ ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡಿದವು. ‘ಪುಕ್ಕಟೆ ಬಂದವರು ಎದ್ದು ನಿಲ್ಲಿ’ ಎಂಬ ಮಾತನ್ನು ನೀವೂ ಕೇಳಿರಬಹುದು. ಅದು ತಪ್ಪು ಮಾತು. ಹೆಣ್ಣುಮಕ್ಕಳ ಕೈಯಲ್ಲಿರುವ ಶೂನ್ಯ ದರದ ಟಿಕೆಟ್ಟು ಕೂಡ ಟಿಕೆಟ್ಟೇ, ಅದರ ಹಣವನ್ನು ಸರ್ಕಾರ ತುಂಬುತ್ತದೆ.

ಇನ್ನು ರೈಲಿಗೆ ಬರೋಣ. ಅರಸೀಕೆರೆ ಜಂಕ್ಷನ್ನು ನಿಮಗೆ ಗೊತ್ತೇ ಇದೆ. ಬೆಂಗಳೂರು–ಹುಬ್ಬಳ್ಳಿ ದಾರಿಗೆ ಹಾಸನ, ಮೈಸೂರಿನ ದಾರಿ ಬಂದು ಕೂಡುವ ಜಾಗ. ಅಲ್ಲಿ ಒಂದೇ ರೈಲಿನಲ್ಲಿ ಎರಡು ರಾಜ್ಯಭಾರ ನಡೆಯುವುದನ್ನು ನೋಡಬಹುದು. ಕಾಯ್ದಿರಿಸದ ಬೋಗಿಯಲ್ಲಿ ಬಸ್ಸಿನ ಕಟ್ಟಳೆ, ಸ್ಲೀಪರ್ ಬೋಗಿಯಲ್ಲಿ ಟಿಕೆಟ್ಟಿನ ಮೇಲಿನ ಅಂಕಿಯ ಕಟ್ಟಳೆ. 1989ರ ರೈಲ್ವೆ ಕಾಯಿದೆಯ 155ನೆಯ ಕಲಮು ಈ ಎರಡನ್ನೂ ಅಕ್ಕಪಕ್ಕದಲ್ಲೇ ಇಟ್ಟಿದೆ. ಇನ್ನೊಬ್ಬರಿಗೆ ಕಾಯ್ದಿರಿಸಿದ ಬರ್ತಿನಲ್ಲಿ ಕುಳಿತು, ರೈಲ್ವೆ ಸಿಬ್ಬಂದಿ ಹೇಳಿದರೂ ಏಳದಿದ್ದರೆ 500 ರೂಪಾಯಿವರೆಗೆ ದಂಡ. ಹಾಗೆಯೇ, ಕಾಯ್ದಿರಿಸದ ಬೋಗಿಯ ಬಾಗಿಲಿಗೆ ಅಡ್ಡ ನಿಂತು ‘ಒಳಗೆ ಜಾಗ ಇಲ್ಲ, ಮುಂದೆ ಹೋಗಿ’ ಎಂದು ತಡೆಯುವುದೂ ಅಪರಾಧವೇ, ಅದಕ್ಕೆ 200 ರೂಪಾಯಿವರೆಗೆ ದಂಡ. ಮೊದಲ ಅಪರಾಧ ಎಲ್ಲರಿಗೂ ಗೊತ್ತು. ಎರಡನೆಯದು ಅಪರಾಧ ಎಂಬುದು ಅದನ್ನು ಮಾಡುವವರಿಗೂ ಗೊತ್ತಿಲ್ಲ!

ಸ್ಲೀಪರಿನಲ್ಲೂ ಹಂಚಿಕೊಳ್ಳುವುದು ಪೂರ್ತಿ ನಿಂತಿಲ್ಲ. ಕೆಳಗಿನ ಬರ್ತು ಹಗಲೆಲ್ಲ ಮೇಲಿನವರಿಗೂ ನಡುವಿನವರಿಗೂ ಕೂರುವ ಜಾಗ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಾತ್ರ ಅದು ಒಬ್ಬರದೇ. ಮೊದಲು 9 ಗಂಟೆಗೇ ಶುರುವಾಗುತ್ತಿದ್ದ ಈ ಮಲಗುವ ಹೊತ್ತನ್ನು 2017ರಲ್ಲಿ ಒಂದು ಗಂಟೆ ಮುಂದಕ್ಕೆ ಹಾಕಿದರು.

ವಿಮಾನಕ್ಕೂ ಅರಸೀಕೆರೆ ತಾಲ್ಲೂಕಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ, ಸಣ್ಣದೂ ಅಲ್ಲ. ಹೇಮಾವತಿ ಅಣೆಕಟ್ಟೆಯಲ್ಲಿ ಗೊರೂರಿನ ಜಮೀನು ಮುಳುಗಿದಾಗ ಒಂದು ಕುಟುಂಬಕ್ಕೆ ಬದಲಿ ಜಮೀನು ಸಿಕ್ಕಿದ್ದು ಇದೇ ತಾಲ್ಲೂಕಿನ ಜಾವಗಲ್ಲಿನಲ್ಲಿ. ಸೈನ್ಯದಿಂದ ಬಿಟ್ಟು ಬಂದ ಆ ಮನೆಯ ಮಗ ಆ ಬರಡು ನೆಲದಲ್ಲಿ ಬೇಸಾಯಕ್ಕೆ ಇಳಿದರು. ಅವರೇ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. 2003ರ ಆಗಸ್ಟಿನಲ್ಲಿ ಅವರ ಏರ್ ಡೆಕ್ಕನ್ ವಿಮಾನಗಳು ಹಾರಾಟ ಶುರುಮಾಡಿದವು. ಕಡಿಮೆ ದರದಲ್ಲಿ ಸಾಮಾನ್ಯರನ್ನು ಆಕಾಶಕ್ಕೆ ಒಯ್ದ ನಮ್ಮ ದೇಶದ ಮೊದಲ ಕಂಪನಿ ಅದು. 2020ರಲ್ಲಿ ಬಂದ ‘ಸೂರರೈ ಪೋಟ್ರು’ ಚಿತ್ರಕ್ಕೆ ಪ್ರೇರಣೆ ಅವರ ಬದುಕು.

ನಮ್ಮ ವಿಷಯಕ್ಕೆ ಬೇಕಾದ್ದು ಏನೆಂದರೆ, ಆ ವಿಮಾನಗಳಲ್ಲಿ ಪ್ರಯಾಣಿಕರಿಗೆ ಸೀಟು ಗೊತ್ತುಮಾಡುತ್ತಿರಲಿಲ್ಲ. ಮೊದಲು ಹತ್ತಿದವರು ಬೇಕಾದಲ್ಲಿ ಕೂರಬಹುದಿತ್ತು. ಕಾರಣ ಲೆಕ್ಕಾಚಾರದ್ದು: ವಿಮಾನ ನೆಲದ ಮೇಲೆ ನಿಂತಷ್ಟು ಹೊತ್ತೂ ನಷ್ಟ, ಜನ ಬೇಗ ಬೇಗ ಹತ್ತಿ ಕೂತರೆ ಬೇಗ ಹಾರಬಹುದು. ಅಮೆರಿಕದ ಸೌತ್‌ವೆಸ್ಟ್ ಕಂಪನಿ ಇದೇ ಲೆಕ್ಕದ ಮೇಲೆ 1971ರಿಂದ ಐವತ್ತಕ್ಕೂ ಹೆಚ್ಚು ವರ್ಷ ಹಾಗೆ ನಡೆಸಿತು. ಏರ್ ಡೆಕ್ಕನ್ನಿನಲ್ಲಿ ಏನಾಯಿತು ಗೊತ್ತೆ? ಬಾಗಿಲು ತೆರೆದ ಕೂಡಲೇ ಜನ ವಿಮಾನದ ಕಡೆಗೆ ದಾಪುಗಾಲು ಹಾಕಿದರು, ಓಡಿದರು. ಹಾಸನ ಜಿಲ್ಲೆಯವರಿಗೆ ಅದರಲ್ಲಿ ಹೊಸದೇನೂ ಕಂಡಿರಲಾರದು. ವಿಮಾನದ ಕಿಟಕಿ ತೆರೆಯುವಂತಿದ್ದರೆ ಟವೆಲ್ಲೂ ಬೀಳುತ್ತಿತ್ತು. ಆ ಕಂಪನಿ 2008ರಲ್ಲಿ ಕಿಂಗ್‌ಫಿಷರಿನೊಳಗೆ ಸೇರಿಹೋಯಿತು. ಇಂದು ನೀವು ಹತ್ತುವ ವಿಮಾನಗಳಲ್ಲಿ ಸೀಟಿಗೆ ಅಂಕಿ ಇರುತ್ತದೆ, ಕಿಟಕಿಯ ಪಕ್ಕದ್ದು, ಮುಂದಿನ ಸಾಲಿನದು ಬೇಕಾದರೆ ಹೆಚ್ಚಿಗೆ ಹಣವನ್ನೂ ಕೊಡಬೇಕಾಗುತ್ತದೆ. 2023ರ ಆಗಸ್ಟ್ 31ರಂದು ಶಿವಮೊಗ್ಗದಿಂದ ಬೆಂಗಳೂರಿಗೆ ವಿಮಾನ ಶುರುವಾದ ಮೇಲೆ ಆ ಅನುಭವ ನಮ್ಮ ಸೀಮೆಗೂ ಹತ್ತಿರ ಬಂದಿದೆ.

ಇಲ್ಲಿ ಬಸ್ಸಿನ ವಿದ್ಯೆ ನಡೆಯುವುದಿಲ್ಲ. ಒಂದು ಸೀಟಿಗೆ ಒಂದು ಬೆಲ್ಟು. ‘ವಸಿ ಜರುಗಿ’ ಎಂದರೆ ಜರುಗಲು ಎಲ್ಲಿದೆ ಜಾಗ? ಬಸ್ಸಿನಲ್ಲಿ ಸೀಟನ್ನು ಹಂಚಿಕೊಳ್ಳಬಹುದು, ವಿಮಾನದಲ್ಲಿ ಬದಲಾಯಿಸಿಕೊಳ್ಳಬಹುದು, ಅಷ್ಟೆ. ಹಂಚಿಕೊಂಡಾಗ ಇಬ್ಬರಿಗೂ ಸ್ವಲ್ಪ ಇಕ್ಕಟ್ಟು. ಬದಲಾಯಿಸಿಕೊಂಡಾಗ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟವಾಗುವ ಸಂಭವವೇ ಹೆಚ್ಚು. ಆದ್ದರಿಂದ ಕೇಳುವವರ ಮೇಲೆ ಹೊಣೆ ಜಾಸ್ತಿ.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ನಿಮ್ಮ ಮೊದಲ ವಿಮಾನಯಾನ. ಅಪ್ಪ ದುಡ್ಡು ಹೊಂದಿಸಿ ಕಿಟಕಿಯ ಸೀಟು ಕಾಯ್ದಿರಿಸಿದ್ದಾರೆ. ನಮ್ಮ ಬಯಲುಸೀಮೆಯ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಹೇಗೆ ಸಾಲಾಗಿ ಕಟ್ಟಲ್ಪಟ್ಟಿವೆ ಎಂಬುದನ್ನು ಮೇಲಿನಿಂದ ನೋಡಬೇಕೆಂದು ಆಸೆಯಿಟ್ಟುಕೊಂಡು ಬಂದಿದ್ದೀರಿ. ಬಂದು ನೋಡಿದರೆ ನಿಮ್ಮ ಸೀಟಿನಲ್ಲಿ ಒಳ್ಳೆಯ ಉಡುಪಿನ ಒಬ್ಬರು ಆಗಲೇ ಕುಳಿತಿದ್ದಾರೆ. ತಲೆ ಎತ್ತದೆ ಇಂಗ್ಲಿಷಿನಲ್ಲಿ ‘ಅಲ್ಲಿ ಹಿಂದೆ ನನ್ನ ಸೀಟಿದೆ, ಅಲ್ಲಿಗೆ ಹೋಗು, ಎಲ್ಲ ಒಂದೇ’ ಎನ್ನುತ್ತಾರೆ. ನಿಮ್ಮ ಹಿಂದೆ ಹತ್ತು ಜನ ಚೀಲ ಹಿಡಿದು ನಿಂತಿದ್ದಾರೆ. ನೀವು ಏನು ಮಾಡುತ್ತೀರಿ?

ಬಹಳ ಮಂದಿ ಸುಮ್ಮನೆ ಹಿಂದಕ್ಕೆ ನಡೆಯುತ್ತೀರಿ. ಇದಕ್ಕೆ ಕನ್ನಡದಲ್ಲಿ ಒಂದು ಮಾತಿದೆ: ದಾಕ್ಷಿಣ್ಯ. (ದಾಕ್ಷಿಣ್ಯದ ಮೇಲೆ ಒಂದು ಒರಟು ಗಾದೆಯೂ ಇದೆ, ಟೆಲಿವಿಷನ್ನಿನಲ್ಲಿ ಹೇಳುವಂಥದ್ದಲ್ಲ, ಮನೆಯಲ್ಲಿ ಅಜ್ಜಿಯನ್ನು ಕೇಳಿ.) ದಾಕ್ಷಿಣ್ಯ ಒಳ್ಳೆಯ ಗುಣವೇ. ಆದರೆ ಗಮನಿಸಿ, ಇಂಥ ಕಡೆಗಳಲ್ಲಿ ದಾಕ್ಷಿಣ್ಯ ತೋರಿಸುವವರು ಯಾವಾಗಲೂ ಅದೇ ಜನ. ಹಳ್ಳಿಯಿಂದ ಬಂದವರು, ಚಿಕ್ಕವರು, ಒಬ್ಬಂಟಿಯಾಗಿ ಹೊರಟ ಹೆಣ್ಣುಮಕ್ಕಳು, ಇಂಗ್ಲಿಷು ತಡವರಿಸುವವರು. ಸೀಟು ಬದಲಾವಣೆ ಎಂಬುದು ನಯವಾಗಿ ಕೇಳಿ ಪಡೆದದ್ದಾಗಿದ್ದರೆ ಉಪಕಾರ. ಇಲ್ಲವೆನ್ನಲಾರದವರಿಂದ ಪಡೆದದ್ದಾಗಿದ್ದರೆ ಅದು ಕಸಿದುಕೊಂಡದ್ದೇ.

ಕೇಳುವುದಕ್ಕೂ ಎಬ್ಬಿಸುವುದಕ್ಕೂ ಇರುವ ಈ ಅಂತರಕ್ಕೆ ಪ್ರಪಂಚದ ಇತಿಹಾಸದಲ್ಲಿ ಒಂದು ದೊಡ್ಡ ನಿದರ್ಶನ ಇದೆ. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್ಗೊಮರಿ ನಗರದ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಕುಳಿತಿದ್ದರು. ಬಿಳಿಯರ ಸಾಲಿನಲ್ಲಲ್ಲ, ಅದರ ಹಿಂದಿನ ಸಾಲಿನಲ್ಲಿ. ಬಿಳಿಯರ ಸೀಟು ತುಂಬಿದಾಗ ಚಾಲಕ ಆ ಸಾಲಿನ ನಾಲ್ವರನ್ನೂ ಏಳಲು ಹೇಳಿದ. ಮೂವರು ಎದ್ದರು, ಆಕೆ ಏಳಲಿಲ್ಲ. ಬಂಧನವಾಯಿತು. ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತಲಿಲ್ಲ, ಕೊನೆಗೆ ಆ ಕಟ್ಟಳೆಯೇ ಬಿದ್ದುಹೋಯಿತು. ಕಿಟಕಿಯ ಸೀಟಿನ ಗಲಾಟೆಯನ್ನು ಅದರ ಪಕ್ಕದಲ್ಲಿಡಲು ನನಗೇ ಸಂಕೋಚ. ಆದರೂ ‘ಏಳು, ಆ ಕಡೆ ಹೋಗು’ ಎಂಬ ದನಿಯನ್ನು ಕೇಳಿದಾಗ ಗುರುತಿಸಲು ಆ ಕಥೆ ನಿಮಗೆ ಗೊತ್ತಿರಲಿ.

ಹಾಗಾದರೆ ಸರಿಯಾಗಿ ಕೇಳುವುದು ಹೇಗೆ? ಮೊದಲು ನಿಮ್ಮ ಸೀಟಿನಲ್ಲೇ ಕೂತುಕೊಳ್ಳಿ. ಇನ್ನೊಬ್ಬರ ಸೀಟಿನಲ್ಲಿ ಕುಳಿತು ಆಮೇಲೆ ಕೇಳಿದರೆ, ತನ್ನ ಸೀಟಿಗಾಗಿ ಬೇಡಬೇಕಾದವರು ಅವರೇ ಆಗುತ್ತಾರೆ. ಕೊಡುವ ಸೀಟು ಪಡೆಯುವ ಸೀಟಿಗೆ ಸಮನಾಗಿರಬೇಕು, ಸಾಧ್ಯವಾದರೆ ಮೇಲಾಗಿರಬೇಕು. ಕಿಟಕಿಗೆ ಕಿಟಕಿ, ಓಣಿಯ ಪಕ್ಕದ್ದಕ್ಕೆ ಓಣಿಯ ಪಕ್ಕದ್ದು. ಕಟ್ಟಕಡೆಯ ಸಾಲಿನ ನಡುವಿನ ಸೀಟು ತೋರಿಸಿ ಮುಂದಿನ ಕಿಟಕಿ ಕೇಳುವುದು ವ್ಯಾಪಾರದಲ್ಲೂ ನಡೆಯುವುದಿಲ್ಲ. ‘ಅಮ್ಮನಿಗೆ ಮೈ ಸರಿಯಿಲ್ಲ, ಅವರ ಪಕ್ಕ ಕೂರಬೇಕಿತ್ತು, ನನ್ನದೂ ಕಿಟಕಿಯೇ, ಎರಡು ಸಾಲು ಮುಂದೆ. ಬದಲಾಯಿಸಿಕೊಳ್ಳಬಹುದೆ?’ ಇಷ್ಟು ಸಾಕು. ಅವರು ಆಗುವುದಿಲ್ಲ ಎಂದರೆ ಕಾರಣ ಕೇಳಬೇಡಿ. ಮೊಣಕಾಲು ನೋವಿರಬಹುದು, ಪದೇ ಪದೇ ಏಳಬೇಕಾದ ಕಾಯಿಲೆ ಇರಬಹುದು, ಸುಮ್ಮನೆ ಕಿಟಕಿ ಇಷ್ಟವಿರಬಹುದು. ಮೂರೂ ಒಳ್ಳೆಯ ಕಾರಣಗಳೇ.

ಇಲ್ಲ ಎನ್ನುವುದು ಹೇಗೆ ಎಂಬುದೂ ಕಲಿಯಬೇಕಾದದ್ದೇ. ‘ಕ್ಷಮಿಸಿ, ಇದು ನನ್ನ ಸೀಟು, ನನಗೆ ಇದೇ ಬೇಕು.’ ಕನ್ನಡದಲ್ಲೇ ಹೇಳಿ, ಬೋರ್ಡಿಂಗ್ ಪಾಸು ತೋರಿಸಿ. ಕೇಳದಿದ್ದರೆ ನೀವು ವಾದಿಸಬೇಕಾಗಿಲ್ಲ, ಗಗನಸಖಿಯರನ್ನು ಕರೆಯಿರಿ. ಇನ್ನು ಮಕ್ಕಳ ವಿಷಯ. ತಾಯಿ ಒಂದು ಕಡೆ, ಮಗು ಒಂದು ಕಡೆ ಆಗುವ ಪೇಚಾಟದಿಂದಲೇ ಎಷ್ಟೋ ಬದಲಾವಣೆಯ ಕೋರಿಕೆಗಳು ಬರುತ್ತಿದ್ದವು. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಅದೇ ಟಿಕೆಟ್ಟಿನಲ್ಲಿರುವ ತಂದೆ ತಾಯಿ ಅಥವಾ ಪೋಷಕರೊಬ್ಬರ ಪಕ್ಕದಲ್ಲೇ ಸೀಟು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ ಸೂಚಿಸಿತು. ಈ ಏರ್ಪಾಡು ಕಂಪನಿಯ ಕೆಲಸ, ಪಕ್ಕದ ಪ್ರಯಾಣಿಕನ ಔದಾರ್ಯದ ಮೇಲೆ ಬಿಡಬೇಕಾದ್ದಲ್ಲ.

ಎರಡು ಕಡೆ ನೀವು ನೀವೇ ಮಾತಾಡಿಕೊಂಡು ಸೀಟು ಬದಲಾಯಿಸುವಂತಿಲ್ಲ. ತುರ್ತು ಬಾಗಿಲಿನ ಪಕ್ಕದ ಸಾಲು ಒಂದು. ಅಪಾಯ ಬಂದರೆ ಆ ಬಾಗಿಲು ತೆಗೆಯುವ ಶಕ್ತಿ ಅಲ್ಲಿ ಕುಳಿತವರಿಗಿರಬೇಕು. ಆದ್ದರಿಂದ ಮಕ್ಕಳು, ಗರ್ಭಿಣಿಯರು, ಅಶಕ್ತರಾದ ಹಿರಿಯರು ಅಲ್ಲಿ ಕೂರುವಂತಿಲ್ಲ. ಕಾಲು ಚಾಚಲು ಜಾಗವಿದೆ ಎಂದು ಅಜ್ಜನನ್ನು ಅಲ್ಲಿಗೆ ಕಳಿಸಬೇಡಿ. ಇನ್ನೊಂದು, ಜನ ಕಡಿಮೆಯಿರುವ ಸಣ್ಣ ವಿಮಾನ. ಯಾವ ಭಾಗದಲ್ಲಿ ಎಷ್ಟು ಜನ ಕುಳಿತಿದ್ದಾರೆ ಎಂಬುದರ ಮೇಲೆ ವಿಮಾನದ ತೂಕ ಎಲ್ಲಿ ಬೀಳುತ್ತದೆ ಎಂಬ ಲೆಕ್ಕವನ್ನು ಹಾರುವ ಮೊದಲೇ ಮಾಡಿರುತ್ತಾರೆ. ಖಾಲಿಯಿದೆ ಎಂದು ಎಲ್ಲರೂ ಹಿಂದಕ್ಕೆ ಹೋಗಿ ಕುಳಿತರೆ ಆ ಲೆಕ್ಕ ತಪ್ಪುತ್ತದೆ. ಅಲ್ಲಿ ಸಿಬ್ಬಂದಿಯೇ ಬಂದು ‘ದಯವಿಟ್ಟು ಮುಂದೆ ಬನ್ನಿ’ ಎಂದರೆ ಪ್ರಶ್ನಿಸದೆ ಎದ್ದು ಹೋಗಿ.

ಕೊನೆಗೆ ಇಳಿಯುವ ಮಾತು. ದೀಪ ಆರುವವರೆಗೆ ಬೆಲ್ಟು ಬಿಚ್ಚಬೇಡಿ, ಸಾಲು ಸಾಲಾಗಿ ಏಳಿ, ಮುಂದಿನ ಸಾಲಿನವರನ್ನು ದಾಟಿ ನುಗ್ಗಬೇಡಿ. ಆದರೆ ಪಂಖಗಳಿರುವ ಎ.ಟಿ.ಆರ್. ವಿಮಾನವಾದರೆ ಪ್ರಯಾಣಿಕರ ಬಾಗಿಲು ಹಿಂದುಗಡೆ ಇರುತ್ತದೆ. ಅಲ್ಲಿ ಹಿಂದಿನವರು ಮೊದಲು ಇಳಿಯುತ್ತಾರೆ, ಮೊದಲನೆಯ ಸಾಲಿನ ಸೀಟು ಹಿಡಿದವರು ಎಲ್ಲರಿಗಿಂತ ಕೊನೆಗೆ.